ಸಂಪಾದಕರ ಉತ್ತರ: ಪತ್ರದ ಅಂಚಿನಲ್ಲಿದ್ದ ಮಾತು

ಪ್ರಿಯ ಸಹೋದರರೇ,

ನಿಮ್ಮ ಪತ್ರ ತಲುಪಿತು. ವರ್ಷಕ್ಕೊಮ್ಮೆ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುತ್ತೀರಿ, ಪ್ರಾರ್ಥನಾಕೂಟ ನಡೆಸುತ್ತೀರಿ. ಆದರೂ "ದೇವರ ಬಗ್ಗೆ ಎಷ್ಟೋ ಗೊತ್ತು, ದೇವರೇ ಗೊತ್ತಿಲ್ಲ ಅನ್ನಿಸುತ್ತೆ. ಓದು ಒಂದು ಕಡೆ, ಬದುಕು ಒಂದು ಕಡೆ ಆಗಿಹೋಗಿದೆ. ಇನ್ನೂ ಜಾಸ್ತಿ ಓದಬೇಕಾ? ಉಪವಾಸ ಮಾಡಬೇಕಾ?" ಎಂದು ಕೇಳಿದ್ದೀರಿ. ಕೊನೆಯ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಮಾತಿದೆ: "ಆಸ್ತಿ ಪಾಲಾದಾಗಿನಿಂದ ತಮ್ಮನ ಜೊತೆ ಮಾತಿಲ್ಲ. ಅದು ಮನೆ ವಿಷಯ, ಇಲ್ಲಿ ಬೇಡ ಬಿಡಿ."

ಬಿಡಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಆ ಮಾತಿನ ಹತ್ತಿರವೇ ಬಂದು ನಿಲ್ಲುತ್ತೇವೆ.

ದೇವರು ಹತ್ತಿರವಿದ್ದಾರೆ ಎಂಬ ಅನುಭವ ಆಗುತ್ತಿಲ್ಲ ಎಂದು ಮಾತ್ರ ನೀವು ಕೊರಗುತ್ತಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. 88ನೇ ಕೀರ್ತನೆ ಮೊರೆಯಿಂದ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಹಾಡಿದವರನ್ನು ದೇವರನ್ನು ಅರಿಯದವರು ಅನ್ನಲು ಆಗುತ್ತದಾ? ಆದರೆ ನಿಮ್ಮ ಕೊರಗು ಅನುಭವದ್ದಲ್ಲ. ಓದಿದ್ದು ಬದುಕಿಗೆ ಇಳಿಯುತ್ತಿಲ್ಲ ಎಂಬುದು.

ಯೆರೆಮೀಯನ ಪುಸ್ತಕದ 22ನೇ ಅಧ್ಯಾಯ ತೆಗೆಯಿರಿ. ಯೆಹೂದದ ಅರಸ ಯೆಹೋಯಾಕೀಮ ದೊಡ್ಡ ಅರಮನೆ ಕಟ್ಟಿಸುತ್ತಿದ್ದಾನೆ. ವಿಶಾಲವಾದ ಮಹಡಿಗಳು, ಅಗಲವಾದ ಕಿಟಕಿಗಳು, ದೇವದಾರು ಹಲಗೆಯ ಹೊದಿಕೆ, ಮೇಲೆ ಕೆಂಪು ಬಣ್ಣ. ಕೆಲಸದವರಿಗೆ ಮಾತ್ರ ಕೂಲಿ ಇಲ್ಲ. ಪ್ರವಾದಿ ಅವನಿಗೆ ಅವನ ತಂದೆ ಯೋಷೀಯನನ್ನು ನೆನಪಿಸುತ್ತಾನೆ. ನಿನ್ನ ತಂದೆಯೂ ಉಂಡ, ಕುಡಿದ. ಆದರೆ ನ್ಯಾಯವಾಗಿ ನಡೆದ, ಬಡವರ ಪರವಾಗಿ ತೀರ್ಪು ಕೊಟ್ಟ. ನನ್ನನ್ನು ಅರಿಯುವುದು ಅಂದರೆ ಇದೇ ಅಲ್ಲವೇ ಎಂದು ಕರ್ತರು ಕೇಳುತ್ತಾರೆ.

ಆ "ಉಂಡ, ಕುಡಿದ" ಎಂಬ ಮಾತು ನನಗೆ ಬಹಳ ಇಷ್ಟ. ಯೋಷೀಯ ಕಾಡಿಗೆ ಹೋಗಿ ತಪಸ್ಸು ಮಾಡಲಿಲ್ಲ. ಎಲ್ಲರ ಹಾಗೆ ಊಟ ಮಾಡಿಕೊಂಡು, ತನ್ನ ಕೆಲಸದಲ್ಲೇ ಇದ್ದುಕೊಂಡು ದೇವರನ್ನು ಅರಿತ.

ಯೆಹೋಯಾಕೀಮನಿಗೆ ದೇವರ ವಾಕ್ಯ ಸಿಗಲಿಲ್ಲ ಅಂತೇನೂ ಅಲ್ಲ. 36ನೇ ಅಧ್ಯಾಯದಲ್ಲಿ ಅವನು ಚಳಿಗಾಲದ ಮನೆಯಲ್ಲಿ ಕೂತಿದ್ದಾನೆ. ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಒಬ್ಬ ದೇವರ ವಾಕ್ಯದ ಸುರುಳಿಯನ್ನು ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅರಸ ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಇಡೀ ಸುರುಳಿ ಸುಟ್ಟುಹೋಗುತ್ತದೆ. ಯಾರೂ ಹೆದರಲಿಲ್ಲ, ಪಶ್ಚಾತ್ತಾಪದಿಂದ ಬಟ್ಟೆ ಹರಿದುಕೊಳ್ಳಲಿಲ್ಲ. ಅವನ ತಂದೆಯ ಮುಂದೆಯೂ ಹೀಗೇ ಒಂದು ಸುರುಳಿ ಓದಿದ್ದರು. ಯೋಷೀಯ ಕೇಳಿದ ಕೂಡಲೇ ಬಟ್ಟೆ ಹರಿದುಕೊಂಡ. ಇಬ್ಬರೂ ಪೂರ್ತಿ ಕೇಳಿದವರೇ.

ನೀವು ಪುಟ ಸುಡುವವರಲ್ಲ, ನನಗೆ ಗೊತ್ತು. ನಾವು ಯಾರೂ ಸುಡುವುದಿಲ್ಲ. ಓದಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ, ಅಷ್ಟೇ.

ಈಗ ತಮ್ಮನ ವಿಷಯ. ಲೂಕನ 12ನೇ ಅಧ್ಯಾಯದಲ್ಲಿ ಒಬ್ಬ ಗುಂಪಿನ ನಡುವಿನಿಂದ ಯೇಸುವನ್ನು ಕೇಳುತ್ತಾನೆ: ಆಸ್ತಿಯಲ್ಲಿ ಪಾಲು ಕೊಡಲು ನನ್ನ ಸಹೋದರನಿಗೆ ಹೇಳಿ. ಪಾಲು ಮಾಡಿಕೊಡುವ ಕೆಲಸವನ್ನು ಯೇಸು ಒಪ್ಪಿಕೊಳ್ಳಲಿಲ್ಲ. ದುರಾಸೆಯ ಬಗ್ಗೆ ಎಚ್ಚರವಾಗಿರಿ ಎಂದರು. ಹಾಗಾಗಿ ಯಾರಿಗೆ ಎಷ್ಟು ಬರಬೇಕು ಎಂದು ನಾನೂ ಹೇಳುವುದಿಲ್ಲ. ಮತ್ತಾಯನ 5ನೇ ಅಧ್ಯಾಯದಲ್ಲಿ ಅವರು ಹೇಳಿದ್ದನ್ನು ಮಾತ್ರ ನೆನಪಿಸುತ್ತೇನೆ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸರಿಮಾಡಿಕೋ. ಬೇಸರ ನಿನಗಿದ್ದರೆ ಎಂದು ಅಲ್ಲಿಲ್ಲ, ಅವನಿಗಿದ್ದರೆ ಎಂದಿದೆ. ತಪ್ಪು ಯಾರದು ಎಂಬ ಲೆಕ್ಕ ಮುಗಿಯುವ ತನಕ ಕಾಯಿರಿ ಎಂದೂ ಇಲ್ಲ.

ಹೋಗಿ ನೋಡಿ. ಬಹುಶಃ ಬಾಗಿಲವರೆಗೆ ಹೋಗುವುದೇ ಕಷ್ಟವಾಗುತ್ತದೆ. ಮನಸ್ಸು ಹಳೆಯದನ್ನೆಲ್ಲ ಕೆದಕುತ್ತದೆ. ಕ್ಷಮಿಸುವುದು ನನ್ನಿಂದ ಆಗೋದಿಲ್ಲ ಎಂದು ಅಲ್ಲಿ ಗೊತ್ತಾಗುತ್ತದೆ. ಆಗ ಮಾಡುವ ಪ್ರಾರ್ಥನೆ ಕೂಟದಲ್ಲಿ ಮಾಡುವ ಪ್ರಾರ್ಥನೆಯ ಹಾಗಿರುವುದಿಲ್ಲ. ನಮ್ಮನ್ನು ಕ್ಷಮಿಸಲು ದೇವರು ಏನೆಲ್ಲ ಸಹಿಸಿದರು ಎಂಬುದು ಆಗ ಸ್ವಲ್ಪವಾದರೂ ಅರ್ಥವಾಗುತ್ತದೆ. ವರ್ಷಗಟ್ಟಲೆ ಓದಿದರೂ ಇದು ಸಿಗುವುದಿಲ್ಲ. ದೇವರ ಚಿತ್ತದಂತೆ ನಡೆಯಲು ಮನಸ್ಸಿದ್ದವನಿಗೆ ನನ್ನ ಬೋಧನೆ ಎಲ್ಲಿಂದ ಬಂತೆಂದು ತಿಳಿಯುತ್ತದೆ ಎಂದು ಯೇಸು ಹೇಳಿದ್ದು ಯೋಹಾನನ 7ನೇ ಅಧ್ಯಾಯದಲ್ಲಿದೆ. ತಿಳಿದ ಮೇಲೆ ನಡೆಯೋಣ ಎಂದು ನಾವು ಕಾಯುತ್ತೇವೆ. ಯೇಸು ಹೇಳುವುದು ಇದಕ್ಕೆ ತಿರುಗಾಮುರುಗಾ: ನಡೆದರೆ ತಿಳಿಯುತ್ತದೆ.

ಹಾಗಾದರೆ ಒಳ್ಳೆಯ ಕೆಲಸ ಮಾಡಿ ದೇವರನ್ನು ಗಳಿಸಬೇಕಾ ಅಂದರೆ, ಖಂಡಿತ ಇಲ್ಲ. ಅವರೇ ನಮ್ಮನ್ನು ಮೊದಲು ಪ್ರೀತಿಸಿದರು ಎಂದು ಯೋಹಾನ ತನ್ನ ಮೊದಲ ಪತ್ರಿಕೆಯಲ್ಲಿ ಬರೆಯುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ. ಎರಡನ್ನೂ ಬೇರೆ ಮಾಡಬೇಡಿ.

ನಿಮ್ಮ ತಮ್ಮ ಬಾಗಿಲು ತೆಗೆಯದೇ ಇರಬಹುದು. ನಿಮ್ಮಿಂದ ಆಗುವಷ್ಟು ಮಟ್ಟಿಗೆ ಸಮಾಧಾನವಾಗಿರಿ ಎಂದು ಪೌಲ ರೋಮಾಪುರದವರಿಗೆ ಬರೆದ. ತಮ್ಮನ ಪಾಲಿನದ್ದು ತಮ್ಮನಿಗೆ ಬಿಟ್ಟದ್ದು.

ಇನ್ನು ಓದು. ಸತ್ಯವೇದದ 1189 ಅಧ್ಯಾಯ ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಸ್ವಲ್ಪ ಕಾಲ ಅದನ್ನು ನಿಲ್ಲಿಸಿ. ಮತ್ತಾಯನ 5ರಿಂದ 7, ಒಟ್ಟು 111 ವಚನ, ಅಷ್ಟು ಸಾಕು. ದಿನಕ್ಕೆ ಒಂದೆರಡು ವಚನ ಓದಿ, ಅದು ಇವತ್ತು ಯಾರ ಹತ್ತಿರ, ಯಾವ ವ್ಯವಹಾರದಲ್ಲಿ ಬೇಕಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸುಮ್ನೆ "ಎಲ್ಲರನ್ನೂ ಪ್ರೀತಿಸಬೇಕು" ಎಂದು ಬರೆಯಬೇಡಿ, ಹೆಸರು ಬರೆಯಿರಿ.

ಉಪವಾಸದ ಬಗ್ಗೆ ಕೇಳಿದ್ದೀರಲ್ಲ, ಅದೂ ಅಲ್ಲೇ ಇದೆ, 6ನೇ ಅಧ್ಯಾಯದ 16ನೇ ವಚನದಿಂದ. ಅಲ್ಲಿಗೆ ಬರುವ ಮೊದಲು 5ನೇ ಅಧ್ಯಾಯದ 23, 24, ಅಂದರೆ ಕಾಣಿಕೆ ಬಿಟ್ಟು ಸಹೋದರನ ಹತ್ತಿರ ಹೋಗು ಎಂಬ ವಚನಗಳು ಸಿಗುತ್ತವೆ. ಅದೇ ಕ್ರಮದಲ್ಲಿ ಹೋಗಿ.

ನಿಮ್ಮ ಹೆಸರನ್ನೂ ತಮ್ಮನ ಹೆಸರನ್ನೂ ಪ್ರಾರ್ಥನೆಯಲ್ಲಿ ಇಟ್ಟಿದ್ದೇನೆ.

– ಸಂಪಾದಕ