ಕತ್ತಲಲ್ಲಿ ಹೊಳೆಯುವ ನಕಲಿ ಹಾರ

ಪ್ರಶ್ನೆ: ಹಿಚ್‌ಕಾಕ್‌ನ ‘ಟು ಕ್ಯಾಚ್ ಎ ಥೀಫ್’ (1955) ಚಿತ್ರದ ಸಾಹಿತ್ಯಾಂಶಗಳ ಬಗ್ಗೆ ಪ್ರಬಂಧ ಬರೆಯಬೇಕಿದೆ. ಬಾಣಬಿರುಸು ಪ್ರೇಮದ ಸಂಕೇತ ಎಂಬುದರಾಚೆಗೆ ಏನೂ ತೋಚುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾರದಿಂದ ಶುರು ಮಾಡಿ. ಕಿಟಕಿಯಾಚೆ ಬಾಣಬಿರುಸು ಸಿಡಿಯುವ ರಾತ್ರಿ ಫ್ರಾನ್ಸಿ (ಗ್ರೇಸ್ ಕೆಲ್ಲಿ) ಹೋಟೆಲ್ ಕೋಣೆಯ ದೀಪಗಳನ್ನು ಆರಿಸುತ್ತಾಳೆ. ಮುಖ ನೆರಳಿಗೆ ಸರಿದು, ಕೊರಳ ಹಾರವಷ್ಟೇ ಹೊಳೆಯುತ್ತದೆ. ಎದುರಿಗಿರುವವನು ಜಾನ್ ರಾಬಿ (ಕ್ಯಾರಿ ಗ್ರಾಂಟ್), ಕಸುಬು ಬಿಟ್ಟ ಒಡವೆಗಳ್ಳ; ಅವನ ಶೈಲಿಯಲ್ಲೇ ಈಗ ಬೇರೆ ಯಾರೋ ಕದಿಯುತ್ತಿದ್ದಾರೆ. ಹಾರ ನಕಲಿ ಎನ್ನುತ್ತಾನೆ; ನಾನಂತೂ ನಕಲಿಯಲ್ಲ ಎನ್ನುತ್ತಾಳೆ ಅವಳು. ಒಡವೆಯ ಕುರಿತ ಮಾತೆಲ್ಲ ಅವಳ ಕುರಿತ ಮಾತೂ ಆಗುವ ಈ ಶ್ಲೇಷೆಯೇ ದೃಶ್ಯದ ಜೀವ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಬಾಣಬಿರುಸು ಬರೀ ಉದ್ದೀಪನ ವಿಭಾವ (ಭಾವವನ್ನು ಕೆರಳಿಸುವ ಸನ್ನಿವೇಶ), ಧ್ವನಿ (ಹೇಳದೆ ಹೊಳೆಯುವ ಅರ್ಥ) ಇರುವುದು ಹಾರದಲ್ಲಿ. ಕಳ್ಳನನ್ನು ಸೆಳೆಯಲು ಅವಳು ಸುಳ್ಳು ಒಡವೆ ತೊಟ್ಟ ರಾತ್ರಿಯೇ ತಾಯಿಯ ನಿಜವಾದ ಒಡವೆ ಕಳವಾಗುತ್ತದೆ. ಅವಳು ಮೊದಲು ದೂರುವುದು ರಾಬಿಯನ್ನೇ. ಈ ವಿಪರ್ಯಾಸವನ್ನು ಬಿಟ್ಟರೆ ಪ್ರಬಂಧ ಬಾಣಬಿರುಸಿನಲ್ಲೇ ನಿಂತುಬಿಡುತ್ತದೆ.

ದೃಶ್ಯವನ್ನು ಒಮ್ಮೆ ಶಬ್ದ ಆರಿಸಿ ನೋಡಿ. ಪ್ರತಿ ಶಾಟ್‌ನಲ್ಲಿ ಬೆಳಕು ಯಾವುದರ ಮೇಲಿದೆ ಎಂದು ಗುರುತು ಹಾಕಿಕೊಳ್ಳಿ. ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್‌ಗೆ ಆಸ್ಕರ್ ಬಂದದ್ದು ಈ ಚಿತ್ರಕ್ಕೇ.

ಇನ್ನು ಬೆಕ್ಕು. ರಾಬಿಯ ಅಡ್ಡಹೆಸರೇ ‘ಬೆಕ್ಕು’. ಆರಂಭದಲ್ಲಿ ಒಡವೆ ಕಳೆದುಕೊಂಡವರ ಚೀರಾಟದ ನಡುನಡುವೆ ಮಾಡಿನ ಮೇಲೆ ಕರಿಬೆಕ್ಕೊಂದು ನಡೆಯುತ್ತದೆ. ಕಳ್ಳನ ಮುಖ ಕಾಣುವುದಿಲ್ಲ. ಮುಂದೆ ರಾಬಿಯ ಮನೆಯಲ್ಲೂ ಕರಿಬೆಕ್ಕು ಕಂಡಾಗ ನಮ್ಮ ಅನುಮಾನ ತಾನಾಗಿಯೇ ಅವನ ಮೇಲೆ ಬೀಳುತ್ತದೆ. ರೂಪಕವನ್ನೇ ಸುಳ್ಳು ಸಾಕ್ಷಿಯಾಗಿ ನಿಲ್ಲಿಸಿದ ಜಾಣ್ಮೆ ಇದು.

ಮುಖವಾಡದ ನೃತ್ಯಕೂಟದಲ್ಲೂ ಇದೇ ತಂತ್ರ. ವೇಷದೊಳಗಿಂದ ರಾಬಿಯ ದನಿ ಒಮ್ಮೆ ಕೇಳಿಸುತ್ತದೆ, ಅಷ್ಟಕ್ಕೇ ನಾವು ನಂಬುತ್ತೇವೆ. ಆಮೇಲೆ ಅದೇ ವೇಷದಲ್ಲಿ ಕುಣಿಯುವವನು ವಿಮಾ ಕಂಪನಿಯ ಹ್ಯೂಸನ್; ರಾಬಿ ನಿಜವಾದ ಕಳ್ಳನಿಗಾಗಿ ಮಾಡಿನ ಮೇಲೆ ಕಾದಿರುತ್ತಾನೆ.

ಕಳ್ಳ ಯಾರೆಂಬ ಸುಳಿವನ್ನೂ ಬರೆಯಿರಿ. ರಾಬಿಯ ಹಳೆಯ ಸಂಗಡಿಗ ಫುಸಾರ್ ಸತ್ತಾಗ ಅವನೇ ಕಳ್ಳನೆಂದು ಪೊಲೀಸರು ಸಾರುತ್ತಾರೆ. ಅವನಿಗಿದ್ದದ್ದು ಮರದ ಕಾಲು. ಮಾಡು ಹತ್ತುವುದು ಹೇಗೆ? ಹತ್ತಬಲ್ಲವಳು ಅವನ ಮಗಳು ಡೇನಿಯಲ್. ಆರಂಭದ ಚೀರಾಟಕ್ಕೆ ಉತ್ತರ ಸಿಗುವುದು ಕೊನೆಗೆ, ಅದೇ ಬಗೆಯ ಮಾಡಿನ ಅಂಚಿನಲ್ಲಿ, ಅವಳು ರಾಬಿಯ ಕೈ ಹಿಡಿದು ನೇತಾಡುತ್ತ ತಪ್ಪೊಪ್ಪಿಕೊಂಡಾಗ.