ಕಪ್ಪುಪೆಟ್ಟಿಗೆ ಇಲ್ಲದ ವಿಮಾನದ ತನಿಖೆ

ಪ್ರಶ್ನೆ: ಒಬ್ಬಿಬ್ಬರು ಕೂರುವ ಪುಟ್ಟ ವಿಮಾನಗಳಲ್ಲಿ ಕಪ್ಪುಪೆಟ್ಟಿಗೆ ಇರುವುದಿಲ್ಲವಂತೆ. ಅಂಥ ವಿಮಾನ ಇಳಿಯುವಾಗ ಅಪಘಾತಕ್ಕೀಡಾದರೆ ಕಾರಣವನ್ನು ಪತ್ತೆ ಹಚ್ಚುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ನೀವು ಕೇಳಿರುವುದು ಬಹುಮಟ್ಟಿಗೆ ನಿಜ. ಆದ್ದರಿಂದಲೇ ತನಿಖೆ ನಡೆಸುವವರು ಅವಶೇಷವನ್ನೇ ಮುಖ್ಯ ಸಾಕ್ಷಿಯಾಗಿಟ್ಟುಕೊಂಡು, ಪ್ರೊಪೆಲ್ಲರಿನ ಅಲಗು ಬಾಗಿರುವ ರೀತಿಯಿಂದ ನೆಲಕ್ಕೆ ತಾಗುವಾಗ ಎಂಜಿನ್ ಎಷ್ಟು ಶಕ್ತಿಯಿಂದ ತಿರುಗುತ್ತಿತ್ತೆಂಬುದನ್ನು ಊಹಿಸುತ್ತಾರೆ. ಬಳಿಕ ಎಂಜಿನ್ನನ್ನು ಬಿಚ್ಚಿ ಒಂದೊಂದೇ ಭಾಗವನ್ನು ಪರೀಕ್ಷಿಸುತ್ತಾರೆ.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಅವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. 2015ರ ಮಾರ್ಚ್ 5ರಂದು ಅವರು ಎರಡನೆಯ ಮಹಾಯುದ್ಧದ ಕಾಲದ ತರಬೇತಿ ವಿಮಾನವಾದ ರಯಾನ್ ಪಿಟಿ-22ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಿಲ್ದಾಣದಿಂದ ಒಬ್ಬರೇ ಮೇಲೇರಿದರು. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಶಕ್ತಿ ಕಳೆದುಕೊಂಡಿತು. ಹಿಂದಿರುಗಿದರೂ ರನ್‌ವೇ ತಲುಪಲಾಗದೆಂದು ಅರಿತ ಅವರು ಹತ್ತಿರದ ಪೆನ್ಮಾರ್ ಗಾಲ್ಫ್ ಮೈದಾನದಲ್ಲಿ ಇಳಿಸಲು ಯತ್ನಿಸಿದಾಗ, ವಿಮಾನ ಮರದ ತುದಿಗೆ ತಗುಲಿ ನೆಲಕ್ಕಪ್ಪಳಿಸಿತು. ಫೋರ್ಡ್ ತೀವ್ರವಾಗಿ ಗಾಯಗೊಂಡರೂ ಬದುಕುಳಿದರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಕೊನೆಗೆ ಬಂದು ನಿಂತದ್ದು ಎಂಜಿನ್ನಿಗೆ ಬೇಕಾದ ಇಂಧನವನ್ನು ಗಾಳಿಯೊಡನೆ ಬೆರೆಸಿಕೊಡುವ ಕಾರ್ಬುರೇಟರಿನೊಳಗಿನ ಒಂದು ಸಣ್ಣ ಬಿಡಿಭಾಗದ ಬಳಿ. ಇಂಧನವನ್ನು ಅಳೆದು ಬಿಡಬೇಕಾದ ಮುಖ್ಯ ಜೆಟ್, ಅಂದರೆ ತಿರುಪಿನಂತೆ ಕೂರಿಸುವ ತೂತುಳ್ಳ ತುಂಡು, ತನ್ನ ಜಾಗದಿಂದ ಕಳಚಿ ಅಡ್ಡಲಾಗಿ ತಿರುಗಿಕೊಂಡಿತ್ತು. ಅದರಿಂದ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹರಿದು ಎಂಜಿನ್ ಸೊರಗಿತು (ಹಳೆಯ ಸ್ಕೂಟರ್ ಓವರ್‌ಫ್ಲೋ ಆಗಿ ನಡುರಸ್ತೆಯಲ್ಲಿ ನಿಂತಾಗ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ). ಆ ಕಾರ್ಬುರೇಟರನ್ನು ಪುನರ್‌ನಿರ್ಮಿಸಿ ಸುಮಾರು 17 ವರ್ಷಗಳಾಗಿದ್ದವು. ಆದರೆ ಆ ಜೆಟ್ಟನ್ನು ಆಗಾಗ ಪರೀಕ್ಷಿಸಬೇಕೆಂಬ ಸೂಚನೆ ನಿರ್ವಹಣೆಯ ಕೈಪಿಡಿಯಲ್ಲಿ ಇರಲಿಲ್ಲ.

ಅದೇ ವರದಿಯ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ವಿಮಾನ ಏಕೆ ಬಿತ್ತು ಎಂಬುದರ ಜೊತೆಗೆ, ಒಳಗಿದ್ದವರಿಗೆ ಅಷ್ಟು ಪೆಟ್ಟಾದದ್ದೇಕೆ ಎಂಬುದನ್ನೂ ತನಿಖೆ ಕೇಳುತ್ತದೆ. ಈ ವಿಮಾನ ಕಾರ್ಖಾನೆಯಿಂದ ಹೊರಬಂದಾಗ ಅದಕ್ಕೆ ಪೈಲಟನನ್ನು ಆಸನಕ್ಕೆ ಬಿಗಿದಿಡುವ ಭುಜದ ಪಟ್ಟಿ ಇರಲಿಲ್ಲ. ಮುಂದೆ ಯಾವಾಗಲೋ ಅದನ್ನು ಆಸನದ ಬೆನ್ನಿಗೆ ಹಾಕಿಸಲಾಗಿತ್ತಾದರೂ, ಎಳೆತವನ್ನು ತಾಳುವಂಥ ಬಲವರ್ಧನೆಯನ್ನು ಅಲ್ಲಿ ಮಾಡಿರಲಿಲ್ಲ. ಪೈಲಟನ ಗಾಯಗಳು ಗಂಭೀರವಾಗಲು ಈ ತಪ್ಪು ಜೋಡಣೆಯೂ ಕಾರಣವಾಯಿತೆಂದು ಮಂಡಳಿ ದಾಖಲಿಸಿತು.