ಪಾರಿವಾಳ ಇಳಿಯದಿದ್ದರೆ ಮೊದಲು ಗಾಳಿ ನೋಡಿ

ಬೆಳೆ ತಿನ್ನೋ ಕಾಡು ಪಾರಿವಾಳ (ವುಡ್ ಪಿಜನ್) ಹೊಡೆಯೋಕೆ ಅಂತ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ರೇಪ್ (ಸಾಸಿವೆ ಜಾತಿಯ ಎಣ್ಣೆಬೀಜ) ಬೆಳೆಯಲ್ಲಿ 12 ಪ್ಲಾಸ್ಟಿಕ್ ಪಾರಿವಾಳ ಇಟ್ಟು, ಮೈ ಮರೆಸೋ ಬಲೆಯ ಹಿಂದೆ ಅರ್ಧ ದಿನ ಕೂತರೂ ಒಂದೂ ಇಳಿಯಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ಗಾಳಿ ನಿಮ್ಮ ಮುಖಕ್ಕೆ ಹೊಡೀತಿತ್ತು ಅಂತ ನೀವೇ ಬರೆದಿದ್ದೀರಲ್ಲ, ಎಡವಟ್ಟು ಅಲ್ಲೇ ಆಗಿದೆ. ಪಾರಿವಾಳ ಗಾಳಿಗೆ ಎದುರಾಗಿ ಇಳಿಯೋದು. ಹಾಗಾಗಿ ಅದು ನಿಮ್ಮ ತಲೆ ಮೇಲಿಂದಲೇ ಬರಬೇಕಿತ್ತು, ನಿಮ್ಮನ್ನು ನೋಡಿ ತಿರುಗಿರುತ್ತೆ. ಗಾಳಿ ಬೆನ್ನಿಗಿರಲಿ. ಹುಸಿ ಹಕ್ಕಿಗಳ ಮೂತಿ ಹೆಚ್ಚುಕಮ್ಮಿ ಗಾಳಿ ಕಡೆಗಿರಲಿ, ಅವುಗಳ ಮಧ್ಯೆ, ನಿಮ್ಮಿಂದ ಇಪ್ಪತ್ತೈದು ಗಜದಾಚೆ ಒಂದು ಖಾಲಿ ಜಾಗ ಬಿಡಿ. ಬರೋ ಹಕ್ಕಿ ಅಲ್ಲಿಗೇ ಇಳಿಯೋಕೆ ನೋಡುತ್ತೆ.

ಇನ್ನೊಂದು, ಹೋದ ತಕ್ಷಣ ಕೂರಬೇಡಿ. ಒಂದು ಗಂಟೆ ದುರ್ಬೀನು ಹಿಡಿದು ಅವು ಯಾವ ಬೇಲಿಸಾಲು ಹಿಡಿದು ಬರ್ತವೆ ನೋಡಿ. ನಾನು ಈ ತಾಳ್ಮೆ ಕಲಿಯೋಕೆ ಎರಡು ಚಳಿಗಾಲ ಹಿಡೀತು. ಮೊದಲ ಸಲ ಹೊಡೆದ ಹಕ್ಕಿಯ ಗಂಟಲ ಚೀಲ ಮುಟ್ಟಿದಾಗ ಗಟ್ಟಿ ಚೆಂಡಿನ ಹಾಗಿತ್ತು, ಒಳಗೆಲ್ಲ ಹರಿದ ರೇಪ್ ಎಲೆ. ರೈತ ಯಾಕೆ ಗೋಳಾಡ್ತಾನೆ ಅಂತ ಆಗ ಗೊತ್ತಾಯ್ತು.

ಕಾಡು ಪಾರಿವಾಳದ ಹಾಗೇ ಕಾಣೋ ಸ್ಟಾಕ್ ಡವ್ ಅನ್ನೋ ಇನ್ನೊಂದು ಜಾತಿ ಪಾರಿವಾಳ ಹೊಡೆಯಬೇಡಿ, ಅದಕ್ಕೆ ಕಾನೂನಿನ ರಕ್ಷಣೆ ಇದೆ. ಕಾಡು ಪಾರಿವಾಳಕ್ಕಿಂತ ಗಾತ್ರದಲ್ಲಿ ಚಿಕ್ಕದು, ಅದಕ್ಕಿರೋ ಹಾಗೆ ಕತ್ತಿನಲ್ಲಿ ಬಿಳಿ ಮಚ್ಚೆ ಇಲ್ಲ, ರೆಕ್ಕೆಯಲ್ಲಿ ಬಿಳಿ ಪಟ್ಟಿಯೂ ಇಲ್ಲ. ಅನುಮಾನ ಬಂದರೆ ಬಿಟ್ಟುಬಿಡಿ. ಮತ್ತೆ ಹೊಲಕ್ಕೆ ಹೋಗೋ ಮೊದಲು, ಬೆಳೆ ಕಾಪಾಡೋಕೆ ಹಕ್ಕಿ ಹೊಡೆಯಲು ಇಂಗ್ಲೆಂಡಿನಲ್ಲಿರೋ ಜಿಎಲ್42 ಪರವಾನಗಿಯ ಷರತ್ತು ಒಮ್ಮೆ ಪೂರ್ತಿ ಓದಿ; ಹಕ್ಕಿಗಳನ್ನು ಹೊಡೆಯದೆ ಬೆದರಿಸಿ ಓಡಿಸೋ ಪ್ರಯತ್ನದ ಬಗ್ಗೆಯೂ ಅದರಲ್ಲಿ ಇದೆ.